ಓಟದ ಮೈದಾನ ಬಿಟ್ಟ ಕುದುರೆ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಓಟದ ಮೈದಾನ ಬಿಟ್ಟು ಬಂದ ಕುದುರೆಯ ವಿಷಯದಲ್ಲಿ ಕಾಲುನೋವು ನೋಡುವವನದಲ್ಲ, ಕುದುರೆಯದು. ಆ ನೋವು ಕೊಳ್ಳುವ ದಿನ ಕಣ್ಣಿಗೆ ಬೀಳದೆ ಆರು ತಿಂಗಳ ನಂತರ ಕಾಣಿಸಿಕೊಂಡರೆ ರೈತನ ಹಣವೂ ಹೋಗುತ್ತದೆ, ಕುದುರೆಯ ಬಾಳೂ ಹಾಳಾಗುತ್ತದೆ.

ಬೆಂಗಳೂರು ಮತ್ತು ಮೈಸೂರು ಕುದುರೆ ಪಂದ್ಯಗಳಿಗೆ ಹೆಸರಾದ ಊರುಗಳು. ಕುಣಿಗಲ್ಲಿನ ಅಶ್ವಪಾಲನಾ ಕೇಂದ್ರವೂ ಹಳೆಯದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದರು. ಮುಂದೆ ಅದೇ ನೆಲದಲ್ಲಿ ಪಂದ್ಯದ ಕುದುರೆಗಳು ಬೆಳೆದವು. ಪಂದ್ಯದ ಕುದುರೆ ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಯಸ್ಸಿಗೆ ಓಡಲು ತೊಡಗಿ, ಐದಾರು ವರ್ಷ ತುಂಬುವಷ್ಟರಲ್ಲಿ ಮೈದಾನ ಬಿಡುತ್ತದೆ. ಚೆನ್ನಾಗಿ ನೋಡಿಕೊಂಡ ಕುದುರೆ ಇಪ್ಪತ್ತೈದು ವರ್ಷ ಬದುಕಬಲ್ಲದು. ಎಂದರೆ ಬಾಳಿನ ಮುಕ್ಕಾಲು ಪಾಲು ಇನ್ನೂ ಉಳಿದಿರುವಾಗಲೇ ಅದು ಮಾರಾಟಕ್ಕೆ ಬರುತ್ತದೆ. ಬೆಲೆಯೂ ಹಲವು ವೇಳೆ ಕಡಿಮೆ. ತೋಟದ ಮನೆಯಲ್ಲಿ ಸವಾರಿಗೆ ಒಂದು ಕುದುರೆ ಇರಲಿ ಎನ್ನುವವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಬೆಲೆ ಕೇಳುವುದಕ್ಕೆ ಮೊದಲು ‘ಈ ಕುದುರೆ ಮೈದಾನ ಬಿಟ್ಟದ್ದೇಕೆ’ ಎಂದು ಕೇಳುವುದನ್ನು ಕಲಿಯಬೇಕು.

ತಳಿಯ ಗುಣ

ಓಟದ ಕುದುರೆಯ ತಳಿಗೆ ಥರೋಬ್ರೆಡ್ ಎಂದು ಹೆಸರು. ಇಂಗ್ಲೆಂಡಿನ ಹೆಣ್ಣು ಕುದುರೆಗಳಿಗೆ ಪೂರ್ವ ದೇಶಗಳಿಂದ ತಂದ ಗಂಡು ಕುದುರೆಗಳನ್ನು ಕೂಡಿಸಿ ಬೆಳೆಸಿದ ತಳಿ ಇದು. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತತಿಯೂ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೆ ಸೇರುತ್ತದೆ. 1791ರಿಂದ ಇವುಗಳ ವಂಶಾವಳಿಯನ್ನು ಪುಸ್ತಕದಲ್ಲಿ ದಾಖಲಿಸುತ್ತ ಬಂದಿದ್ದಾರೆ.

ಅಷ್ಟು ಕಾಲದಿಂದಲೂ ಈ ತಳಿಯನ್ನು ಆಯ್ದದ್ದು ವೇಗಕ್ಕಾಗಿ. ಆದ್ದರಿಂದ ಇದರ ಚರ್ಮ ತೆಳು, ಮೂಳೆ ಸಣ್ಣ, ಗೊರಸಿನ ಅಂಗಾಲು ತೆಳು, ಸ್ವಭಾವ ಚುರುಕು. ಭುಜದ ಬಳಿ ಎತ್ತರ ಸುಮಾರು 62ರಿಂದ 67 ಅಂಗುಲ, ತೂಕ 450ರಿಂದ 500 ಕಿಲೋ. ಜಟಕಾ ಗಾಡಿಗಾಗಲಿ ಹೊರೆ ಹೊರುವುದಕ್ಕಾಗಲಿ ಇದು ತಕ್ಕದ್ದಲ್ಲ. ಒರಟು ಮೇವು ತಿಂದು ಬಿಸಿಲಿನಲ್ಲಿ ದುಡಿಯುವ ನಾಡ ಕುದುರೆಯ ಗಡಸುತನ ಇದಕ್ಕಿಲ್ಲ. ಸವಾರಿಗೆ, ಸವಾರಿ ಶಾಲೆಗೆ, ದೊಡ್ಡ ತೋಟದಲ್ಲಿ ಸುತ್ತಾಡಲು ಮಾತ್ರ ಇದನ್ನು ಕೊಳ್ಳಬಹುದು. ಸವಾರಿಯೇ ತಿಳಿಯದವರಿಗೂ ಚಿಕ್ಕ ಮಕ್ಕಳಿಗೂ ಮೊದಲ ಕುದುರೆಯಾಗಿ ಇದು ಬೇಡ.

ಮೈದಾನ ಬಿಟ್ಟದ್ದೇಕೆ?

ಕುದುರೆಯನ್ನು ಮಾರಲು ಮುಖ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

ಮೊದಲನೆಯದು, ವೇಗ ಸಾಲದು. ಕಾಲು, ಉಸಿರು, ಸ್ವಭಾವ ಎಲ್ಲವೂ ಸರಿಯಿದ್ದು, ಗೆಲ್ಲುವಷ್ಟು ಓಡಲಾರದ ಕುದುರೆ ಇದು. ಮೈದಾನದಲ್ಲಿ ಕೆಲಸಕ್ಕೆ ಬಾರದ ಈ ಕುದುರೆಯೇ ರೈತನಿಗೆ ಹೇಳಿ ಮಾಡಿಸಿದ್ದು. ಬಹಳ ಪಂದ್ಯ ಗೆದ್ದ ಕುದುರೆಯ ಹೆಸರಿಗೆ ಮರುಳಾಗುವುದಕ್ಕಿಂತ, ಕೆಲವೇ ಬಾರಿ ಓಡಿ ಹಿಂದೆ ಬಿದ್ದು ಕಾಲು ಉಳಿಸಿಕೊಂಡ ಕುದುರೆಯನ್ನು ಹುಡುಕುವುದು ಜಾಣತನ.

ಎರಡನೆಯದು, ಕಾಲಿನ ಗಾಯ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ, ಮೂಳೆಯ ಹಿಂಬದಿಯಲ್ಲಿ ಹುರಿಯಂತೆ ಇಳಿಯುವ ಸ್ನಾಯುರಜ್ಜುವನ್ನು ಹಳ್ಳಿಯವರು ನರ ಎನ್ನುವುದುಂಟು. ವೇಗದ ಓಟದಲ್ಲಿ ಇದರ ಎಳೆಗಳು ಹರಿದರೆ ಆ ಜಾಗ ಬಿಲ್ಲಿನಂತೆ ಉಬ್ಬುತ್ತದೆ. ವಾಸಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷಕ್ಕೂ ಮೇಲೆ ಬೇಕು. ವಾಸಿಯಾದರೂ ಹೊಸ ಎಳೆಗೆ ಮೊದಲಿನ ಎಳೆತ ಬಾರದು. ಪೂರ್ತಿ ವಾಸಿಯಾದ ಹಳೆಯ ಗಾಯವುಳ್ಳ ಕುದುರೆ ನಿಧಾನ ಸವಾರಿಗೆ ವರ್ಷಗಟ್ಟಲೆ ಬಾಳಬಹುದು. ಬಿಸಿ ಆರದ ಹೊಸ ಗಾಯದ ಕುದುರೆಯನ್ನು ಮುಟ್ಟಬಾರದು. ಕೀಲಿನೊಳಗೆ ಮೂಳೆಯ ಚೂರು ಮುರಿದಿರುವುದೂ ಉಂಟು. ಅದನ್ನು ಎಕ್ಸ್-ರೇ ಮಾತ್ರ ಹೇಳಬಲ್ಲದು.

ಮೂರನೆಯದು, ಉಸಿರಿನ ದೋಷ. ಕೆಲವು ಕುದುರೆಗಳಿಗೆ ಜೋರಾಗಿ ಓಡಿದಾಗ ಶ್ವಾಸಕೋಶದಲ್ಲಿ ರಕ್ತ ಒಸರುತ್ತದೆ. ಕೆಲವಕ್ಕೆ ಗಂಟಲಿನ ಒಂದು ಪಕ್ಕದ ಸ್ನಾಯು ಸೋತು ಉಸಿರೆಳೆದಾಗ ಗೊರಗೊರ ಸದ್ದಾಗುತ್ತದೆ. ಇವು ಪಂದ್ಯಕ್ಕೆ ದೊಡ್ಡ ದೋಷ. ಲಘು ಸವಾರಿಗೆ ಹಲವು ವೇಳೆ ಅಡ್ಡಿಯಾಗವು.

ನಾಲ್ಕನೆಯದು, ಸ್ವಭಾವ. ಕಚ್ಚುವ, ಒದೆಯುವ, ಎರಡು ಕಾಲಿನ ಮೇಲೆ ನಿಲ್ಲುವ ಕುದುರೆ ಎಷ್ಟೇ ಅಗ್ಗವಾದರೂ ಬೇಡ. ಬೀಜ ಒಡೆಯದ ಗಂಡು ಕುದುರೆಯನ್ನು ಹೆಣ್ಣುಮಕ್ಕಳು, ಮಕ್ಕಳು ಓಡಾಡುವ ಮನೆಯಂಗಳದಲ್ಲಿ ಕಟ್ಟುವುದು ಅಪಾಯ. ಬೀಜ ಒಡೆದ ಗಂಡು ಅಥವಾ ಸೌಮ್ಯವಾದ ಹೆಣ್ಣು ಕುದುರೆ ಒಳ್ಳೆಯದು.

ಎಲ್ಲಿ ಹುಡುಕಬೇಕು?

ಪಂದ್ಯದ ಋತು ಮುಗಿಯುವಾಗ ಮಾಲೀಕರೂ ತರಬೇತುದಾರರೂ ಲಾಯ ಹಗುರ ಮಾಡಿಕೊಳ್ಳಲು ನೋಡುತ್ತಾರೆ. ನೇರವಾಗಿ ಅವರಿಂದ ಕೊಂಡರೆ ಕುದುರೆಯ ಪೂರ್ವ ಕಥೆ ತಿಳಿಯುತ್ತದೆ. ದಿನವೂ ಅದನ್ನು ತಿಕ್ಕಿ ತೊಳೆದು ನೋಡಿಕೊಂಡ ಲಾಯದ ಆಳನ್ನು ಮಾತನಾಡಿಸಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಎರಡು ಮೂರು ಕೈ ದಾಟಿ ದಲ್ಲಾಳಿಯ ಬಳಿಗೆ ಬಂದ ಕುದುರೆಗೆ ಹಿಂದಿನ ಕಥೆ ಇರುವುದಿಲ್ಲ. ಮೊದಲ ಬಾರಿಗೆ ಕೊಳ್ಳುವವರು ಸವಾರಿ ಶಾಲೆಯಲ್ಲಿ ವರ್ಷವಾದರೂ ಪಳಗಿದ ಕುದುರೆಯನ್ನು ಹೆಚ್ಚು ಬೆಲೆ ಕೊಟ್ಟಾದರೂ ಕೊಳ್ಳುವುದು ಲಾಭ.

ಭಾರತದಲ್ಲಿ ಹುಟ್ಟಿದ ಥರೋಬ್ರೆಡ್‌ಗಳ ವಂಶಾವಳಿಯನ್ನು ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರ ದಾಖಲಿಸುತ್ತದೆ. ಕುದುರೆಯ ಗುರುತಿನ ಪುಸ್ತಕದಲ್ಲಿ ಬಣ್ಣ, ಹಣೆಯ ಬೊಟ್ಟು, ಕಾಲಿನ ಬಿಳುಪು, ಸುಳಿಗಳ ವಿವರವಿರುತ್ತದೆ. ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಕುದುರೆಯ ಮೈಯೊಡನೆ ತಾಳೆ ನೋಡಬೇಕು. ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆಯನ್ನೂ ಓದಿಸಬೇಕು. ಕುದುರೆ ಯಾವ ತಿಂಗಳಲ್ಲಿ ಹುಟ್ಟಿದರೂ ಪಂದ್ಯದ ಲೆಕ್ಕದಲ್ಲಿ ಜನವರಿ 1ಕ್ಕೆ ಒಂದು ವಯಸ್ಸು ಕೂಡುತ್ತದೆಂಬುದು ನೆನಪಿರಲಿ. ಹಣ ಕೊಟ್ಟಾಗ ರಸೀದಿಯನ್ನೂ ಮಾಲೀಕತ್ವ ವರ್ಗಾವಣೆಯ ಪತ್ರವನ್ನೂ ಪಡೆಯಬೇಕು.

ದಾನದ ಹಸುವಿನ ಹಲ್ಲು ಎಣಿಸಬಾರದೆಂಬ ಮಾತು ಕುದುರೆಗೆ ಸಲ್ಲದು. ದಾನವಾಗಿ ಬಂದರೂ ಹಲ್ಲು ನೋಡಲೇಬೇಕು. ಐದು ವರ್ಷಕ್ಕೆ ಬಾಚಿ ಹಲ್ಲುಗಳೆಲ್ಲ ಹೊಸತಾಗಿರುತ್ತವೆ. ಕೆಳ ದವಡೆಯ ನಡುವಿನ ಜೋಡಿ ಹಲ್ಲಿನ ಗುಳಿ ಸುಮಾರು ಆರನೆಯ ವರ್ಷಕ್ಕೆ, ಪಕ್ಕದ ಜೋಡಿಯದು ಏಳಕ್ಕೆ, ಮೂಲೆಯದು ಎಂಟಕ್ಕೆ ಸವೆಯುತ್ತದೆ. ಮೇಲಿನ ಮೂಲೆ ಹಲ್ಲಿನ ಹೊರಮೈಯಲ್ಲಿ ಕಪ್ಪು ಗೆರೆ ಮೂಡಿದ್ದರೆ ಹತ್ತು ವರ್ಷ ದಾಟಿದೆ ಎಂದು ತಿಳಿಯಬಹುದು.

ಪರೀಕ್ಷಿಸುವ ಕ್ರಮ

ಹೇಳದೆ ಹೋಗಿ ಲಾಯದಲ್ಲಿ ನಿಂತಂತೆಯೇ ಕುದುರೆಯನ್ನು ಹತ್ತು ನಿಮಿಷ ನೋಡಬೇಕು. ಹಿಂಗಾಲನ್ನು ಆಗಾಗ ಸಡಿಲಿಸಿ ನಿಲ್ಲುವುದು ಸಹಜ. ಒಂದೇ ಮುಂಗಾಲನ್ನು ಮತ್ತೆ ಮತ್ತೆ ಮುಂದಕ್ಕೆ ಚಾಚಿ ನಿಂತರೆ ಆ ಕಾಲಿನಲ್ಲಿ ನೋವಿದೆ. ಕಟ್ಟಿಗೆ ಕಚ್ಚಿ ಗಾಳಿ ನುಂಗುವುದು, ಆನೆಯಂತೆ ತೂಗಾಡುವುದು ಬಹುಕಾಲ ಕಟ್ಟಿಹಾಕಿದ್ದರಿಂದ ಅಂಟಿದ ಚಟಗಳು. ಇವು ಸುಲಭವಾಗಿ ಬಿಡುವುದಿಲ್ಲ.

ಅನಂತರ ಎರಡು ಮುಂಗಾಲುಗಳನ್ನೂ ಮೊಣಕಾಲಿನಿಂದ ಗೊರಸಿನವರೆಗೆ ಕೈಯಾಡಿಸಿ ಹೋಲಿಸಬೇಕು. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದೆಯೆ, ದಪ್ಪವಾಗಿದೆಯೆ, ಒತ್ತಿದರೆ ಎಳೆದುಕೊಳ್ಳುತ್ತದೆಯೆ ಎಂದು ನೋಡಬೇಕು. ಗೊರಸು ಎತ್ತಿಸಿ ಬಿರುಕು, ಕೊಳೆತ ವಾಸನೆ, ಲಾಳದ ಸವೆತ ನೋಡಬೇಕು. ಲಾಳದ ಒಂದೇ ಅಂಚು ಸವೆದಿದ್ದರೆ ಹೆಜ್ಜೆ ನೇರವಿಲ್ಲ.

ಬಳಿಕ ಗಟ್ಟಿ ನೆಲದ ಮೇಲೆ ಹಗ್ಗ ಸಡಿಲಬಿಟ್ಟು ನಡೆಸಿ, ಟ್ರಾಟ್ ಎನ್ನುವ ನಿಧಾನ ಓಟ ಓಡಿಸಬೇಕು. ಮುಂಗಾಲು ಕುಂಟುವ ಕುದುರೆ ನೋವಿನ ಕಾಲು ನೆಲಕ್ಕೆ ತಾಗಿದಾಗ ತಲೆಯನ್ನು ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗಿಸುತ್ತದೆ. ಕಾಲಿಗಿಂತ ತಲೆಯನ್ನು ನೋಡಿದರೆ ಕುಂಟು ಬೇಗ ಸಿಗುತ್ತದೆ.

ನೋವು ಮರೆಸುವ ಮದ್ದು ಕೊಟ್ಟು ಕುದುರೆ ತೋರಿಸುವುದೂ ಉಂಟು. ಫಿನೈಲ್‌ಬ್ಯುಟಜೋನ್ ಎಂಬ ಮದ್ದು ಕೊಟ್ಟರೆ ಕುಂಟುವ ಕುದುರೆಯೂ ನೇರ ನಡೆಯಬಹುದು. ಆದ್ದರಿಂದ ವಾರದ ಅಂತರದಲ್ಲಿ ಎರಡು ಬಾರಿ ನೋಡಬೇಕು. ಸಂಶಯವಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಕೊನೆಯ ಮಾತು ಪಶುವೈದ್ಯರದು. ಆ ವೈದ್ಯರು ಕೊಳ್ಳುವವರು ಕರೆತಂದವರಾಗಿರಬೇಕು, ಮಾರುವವರ ಕಡೆಯವರಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಲಹೆ ಕೇಳಬಹುದು.

ರೋಗಗಳು

ಗ್ಲಾಂಡರ್ಸ್ ಎಂಬ ರೋಗದಲ್ಲಿ ಮೂಗಿನಿಂದ ಕೀವು ಸುರಿಯುತ್ತದೆ, ಚರ್ಮದಲ್ಲಿ ಗಂಟು ಕಟ್ಟಿ ಒಡೆಯುತ್ತದೆ. ಇದು ಮನುಷ್ಯರಿಗೂ ಅಂಟುತ್ತದೆ, ಇದಕ್ಕೆ ಲಸಿಕೆಯಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯಿದೆಯಂತೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ರೋಗ ಖಚಿತವಾದ ಕುದುರೆಯನ್ನು ಉಳಿಸುವಂತಿಲ್ಲ. ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ರಕ್ತ ಪರೀಕ್ಷೆಗೆ ವ್ಯವಸ್ಥೆಯಿದೆ. ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷೆಯೂ ಆಗಬೇಕು. ಈ ಎರಡರ ಫಲಿತಾಂಶ ಕೈಗೆ ಬಾರದೆ ಕುದುರೆಯನ್ನು ಊರಿಗೆ ತರಬಾರದು.

ದನ ಎಮ್ಮೆ ಇರುವ ಮನೆಯವರು ಸರ್ರಾ ರೋಗವನ್ನು ತಿಳಿದಿರಬೇಕು. ಕಚ್ಚುವ ದೊಡ್ಡ ನೊಣಗಳು ಇದನ್ನು ಹರಡುತ್ತವೆ. ದನ ಎಮ್ಮೆಗಳಲ್ಲಿ ಲಕ್ಷಣವೇ ಕಾಣದೆ ರೋಗಾಣು ಉಳಿದಿರಬಹುದು. ಕುದುರೆಗೆ ಅದೇ ಮಾರಕ. ಬಿಟ್ಟು ಬಿಟ್ಟು ಜ್ವರ, ಕಾಲು ಹೊಟ್ಟೆಯ ಬಾವು, ಮೈ ಬತ್ತುವುದು ಇದರ ಲಕ್ಷಣ. ಧನುರ್ವಾಯು ಕುದುರೆಗೆ ಬಹು ಬೇಗ ತಗಲುವುದರಿಂದ ಆ ಲಸಿಕೆ ತಪ್ಪಬಾರದು.

ಮೇವು ಮತ್ತು ಖರ್ಚು

ಕುದುರೆಯ ಬೆಲೆ ಒಂದು ಸಲ ಕೊಡುವುದು. ಮೇವು ದಿನವೂ ಕೊಡುವುದು. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 7 ಕಿಲೋ ಒಣಹುಲ್ಲು ಬೇಕು. ಕೆಲಸಕ್ಕೆ ತಕ್ಕಂತೆ ಎರಡರಿಂದ ಮೂರು ಕಿಲೋ ದಾಣಿ ಬೇಕು. ಎಂದರೆ ವರ್ಷಕ್ಕೆ ಎರಡೂವರೆ ಟನ್ ಒಣಹುಲ್ಲು, ಸುಮಾರು ಒಂಬತ್ತು ಕ್ವಿಂಟಲ್ ದಾಣಿ. ಲಾಳ ಆರು ವಾರಕ್ಕೊಮ್ಮೆ ಬದಲಾಯಿಸಿದರೆ ವರ್ಷಕ್ಕೆ ಎಂಟೊಂಬತ್ತು ಸಲ. ಇದಕ್ಕೆ ಜಂತು ಔಷಧ, ಲಸಿಕೆ, ಹಲ್ಲು ಅರೆಯುವುದು, ನೋಡಿಕೊಳ್ಳುವ ಆಳಿನ ಕೂಲಿ ಸೇರಿಸಿ ತಮ್ಮೂರಿನ ದರದಲ್ಲಿ ಲೆಕ್ಕ ಹಾಕಬೇಕು. ಆ ಮೊತ್ತವನ್ನು ವರ್ಷ ವರ್ಷವೂ ಹೊರಲಾರದವರು ಕುದುರೆ ಪುಕ್ಕಟೆ ಬಂದರೂ ಕೊಳ್ಳಬಾರದು.

ದನದ ಮೇವೆಲ್ಲ ಕುದುರೆಗೆ ಆಗದು. ಗರಿಕೆ, ರೋಡ್ಸ್ ಹುಲ್ಲು, ಮಿತವಾಗಿ ಕುದುರೆಮೆಂತೆ ಒಳ್ಳೆಯವು. ಬೇಯಿಸಿದ ಹುರುಳಿ, ಓಟ್ಸ್, ಜವೆಗೋಧಿ ದಾಣಿಗೆ ಆಗುತ್ತವೆ. ನೇಪಿಯರ್ ಹುಲ್ಲನ್ನೇ ನಂಬಿದರೆ ಅದರ ಆಕ್ಸಲೇಟ್ ಕುದುರೆಗೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ. ಬೂಸಾ, ಅಕ್ಕಿ ತೌಡು ಅತಿಯಾದರೆ ರಂಜಕ ಹೆಚ್ಚಿ ಅದೇ ಕೇಡು. ಮುಖದ ಮೂಳೆ ಉಬ್ಬುತ್ತದೆ, ಕಾಲು ಕುಂಟುತ್ತದೆ. ಹಸಿ ಜೋಳದ ಮೇವು ಬೇಡ. ಹರಳು ಹಿಂಡಿ ವಿಷ. ಕೋಳಿ ಆಹಾರದಲ್ಲಿಯೂ ಕೆಲವು ದನದ ಆಹಾರಗಳಲ್ಲಿಯೂ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಸ್ವಲ್ಪ ಹೊಟ್ಟೆಗೆ ಹೋದರೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಕುದುರೆ ವಾಂತಿ ಮಾಡಲಾರದು. ಆದ್ದರಿಂದ ಹೊಟ್ಟೆಶೂಲೆ ಬಂದು ನೆಲಕ್ಕೆ ಉರುಳಿದರೆ ತಡಮಾಡದೆ ವೈದ್ಯರನ್ನು ಕರೆಸಬೇಕು.

ಮನೆಗೆ ತಂದ ಮೇಲೆ

ದಿನದ ಹೆಚ್ಚು ಹೊತ್ತು ಲಾಯದಲ್ಲೇ ನಿಂತು, ದಾಣಿ ತಿಂದು, ಒಂದೆರಡು ಗಂಟೆ ಮಾತ್ರ ಹೊರಗೆ ಬರುತ್ತಿದ್ದ ಪ್ರಾಣಿ ಅದು. ಮೇವನ್ನು ಹತ್ತು ಹದಿನೈದು ದಿನಗಳಲ್ಲಿ ಮೆಲ್ಲಗೆ ಬದಲಾಯಿಸಿ, ದಾಣಿ ಇಳಿಸಿ ಹುಲ್ಲು ಏರಿಸಬೇಕು. ಕೆಲವು ತಿಂಗಳು ಸವಾರಿ ಮಾಡದೆ, ಮುಳ್ಳುತಂತಿ ಇಲ್ಲದ ಬಯಲಿನಲ್ಲಿ ಬಿಡಬೇಕು. ಜೊತೆಗೆ ಇನ್ನೊಂದು ಕುದುರೆಯೋ ಕತ್ತೆಯೋ ಇರಬೇಕು. ಒಂಟಿ ಕುದುರೆ ಕೊರಗುತ್ತದೆ. ಕಡಿವಾಣ ಬಿಗಿದರೆ ಇನ್ನೂ ವೇಗವಾಗಿ ಓಡಬೇಕೆಂದು ಅದು ಕಲಿತಿರುತ್ತದೆ. ನಿಲ್ಲುವುದನ್ನು, ತಿರುಗುವುದನ್ನು, ಹತ್ತುವಾಗ ಅಲುಗದೆ ಇರುವುದನ್ನು ಹೊಸದಾಗಿ ಕಲಿಸಬೇಕು. ಬಲ್ಲವರಿಂದಲೇ ಕಲಿಸಬೇಕು.

ನೆನಪಿಡಬೇಕಾದ ಅಂಶಗಳು

1. ಬೆಲೆಗಿಂತ ಮೊದಲು ಮೈದಾನ ಬಿಟ್ಟ ಕಾರಣ ಕೇಳಬೇಕು.
2. ವೇಗವಿಲ್ಲದ್ದು ದೋಷವಲ್ಲ; ಕಾಲಿನ ಬಿಸಿ ದೋಷ.
3. ಎರಡು ಬಾರಿ ನೋಡಿ, ತಮ್ಮದೇ ವೈದ್ಯರಿಗೆ ತೋರಿಸಬೇಕು.
4. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆಯೇ ಊರಿಗೆ ತರಬೇಕು.
5. ವರ್ಷದ ಮೇವಿನ ಲೆಕ್ಕ ಮೊದಲು ಹಾಕಬೇಕು.

ಅವಸರದಲ್ಲಿ ಕೊಂಡ ಕುದುರೆ ಮರುವರ್ಷ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಹೋಗುತ್ತದೆ. ಒಂದೊಂದು ಕೈಯಲ್ಲೂ ಮೇವು ಕಡಿಮೆಯಾಗಿ ಹೊಡೆತ ಹೆಚ್ಚುತ್ತದೆ. ನೋಡಿ ಕೊಂಡ ಕುದುರೆ ಮನೆಯ ಮಕ್ಕಳು ದೊಡ್ಡವರಾಗುವವರೆಗೂ ಅದೇ ಲಾಯದಲ್ಲಿರುತ್ತದೆ. ಕೊಳ್ಳುವ ದಿನ ತೋರಿದ ತಾಳ್ಮೆಯೇ ರೈತನನ್ನೂ ಕುದುರೆಯನ್ನೂ ಕಾಯುತ್ತದೆ.