ಕಡಲೆಕಾಯಿಯ ಬೂಷ್ಟು ಮತ್ತು ಕಂಪ್ಯೂಟರ್ ಆಟ

(ಸ್ವಸಹಾಯ ಸಂಘಗಳ ಸದಸ್ಯರ ಶಿಬಿರದಲ್ಲಿ ಆಡಿದ ಮಾತುಗಳು)



ಆಹಾರ ಸುರಕ್ಷತೆ ಅಂದರೆ ಕೈ ತೊಳೆಯುವುದು, ಪಾತ್ರೆ ಮುಚ್ಚಿಡುವುದು, ನೀರು ಕಾಯಿಸಿ ಕುಡಿಯುವುದು ಎಂದು ಪ್ರತಿ ಶಿಬಿರದಲ್ಲೂ ಹೇಳುತ್ತಾ ಬಂದಿದ್ದೇವೆ. ಇವತ್ತು ತಂದಿರುವುದು ತೊಳೆದರೂ, ಕಾಯಿಸಿದರೂ ಹೋಗದ ಒಂದು ವಿಷದ ವಿಚಾರ. ಜೊತೆಗೆ ಒಂದು ಕಂಪ್ಯೂಟರ್ ಆಟದ ಸುದ್ದಿಯೂ ಇದೆ. ‘ಮಕ್ಕಳು ಮೊಬೈಲ್ ಬಿಡಲ್ಲ ಅಂತ ನಾವೇ ಒದ್ದಾಡ್ತಿದ್ದೀವಿ, ಇವರು ಆಟದ ಸುದ್ದಿ ತಂದ್ರಲ್ಲ’ ಅಂತ ನಗಬೇಡಿ, ಸ್ವಲ್ಪ ಕೇಳಿ.

ಕಡಲೆಕಾಯಿ, ಮೆಕ್ಕೆಜೋಳ ಸರಿಯಾಗಿ ಒಣಗದಿದ್ದರೆ ಹಸಿರು-ಹಳದಿ ಬೂಷ್ಟು ಹಿಡಿಯುತ್ತದೆ ಅಲ್ವಾ? ಅದರಲ್ಲಿ ಒಂದು ಜಾತಿಯ ಬೂಷ್ಟು ‘ಅಫ್ಲಾಟಾಕ್ಸಿನ್’ ಎಂಬ ವಿಷ ಬಿಡುತ್ತದೆ. ಬೂಷ್ಟು ಒರೆಸಿದರೂ ವಿಷ ಕಾಳಿನೊಳಗೇ ಉಳಿಯುತ್ತದೆ. ಹುರಿದರೆ ಒಂದಿಷ್ಟು ಕಡಿಮೆಯಾದೀತು, ಪೂರ್ತಿ ಹೋಗದು. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಈಲಿಯ ಅಂದರೆ ಲಿವರಿನ ಕ್ಯಾನ್ಸರ್‌ಗೆ ದಾರಿ. ಒಮ್ಮೆಲೇ ಹೆಚ್ಚು ಹೋದರೆ ಜೀವಕ್ಕೇ ಅಪಾಯ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ, ಮಳೆಗೆ ನೆನೆದ ಮೆಕ್ಕೆಜೋಳ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಬೇರೆ ಜೋಳ ಕೊಳ್ಳಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. 2004ರಲ್ಲಿ ಕೀನ್ಯಾ ದೇಶದಲ್ಲಿ ಇದೇ ಕಾರಣಕ್ಕೆ 125 ಜನ ತೀರಿಕೊಂಡರು. ಎಷ್ಟು ವಿಷ ಇದ್ದರೆ ಅಪಾಯ ಅಂತೀರಾ? ನಮ್ಮ ದೇಶದ ಕಾನೂನು ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ಒಪ್ಪಿರುವುದು ಒಂದು ಟನ್ನಿಗೆ 15 ಮಿಲಿಗ್ರಾಂ ಮಾತ್ರ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ!

ಈಗ ಆಟಕ್ಕೆ ಬರೋಣ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ‘ಫೋಲ್ಡಿಟ್’ ಎಂಬ ಆಟ ಹೊರತಂದರು. ನಮ್ಮ ಮೈಯಲ್ಲಿರುವ ಪ್ರೋಟೀನ್‌ಗಳು ಉದ್ದ ಸರದ ಹಾಗೆ, ಆದರೆ ಸುತ್ತಿ ಮಡಚಿಕೊಂಡು ಒಂದು ಆಕಾರಕ್ಕೆ ಬಂದ ಮೇಲೇ ಕೆಲಸ ಮಾಡುತ್ತವೆ. ಆಟ ಆಡುವವರು ತೆರೆಯ ಮೇಲೆ ಆ ಸರವನ್ನು ಎಳೆದು, ತಿರುಚಿ, ಮಡಚಬೇಕು. ಚೆನ್ನಾಗಿ ಕೂತರೆ ಅಂಕ. ವಿಜ್ಞಾನ ಓದದವರೂ ಆಡಬಹುದು, ಬಹಳ ಜನ ಆಡುವವರು ಅಂಥವರೇ. ಮಂಗಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಪ್ರೋಟೀನಿನ ಆಕಾರ ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಮೇಲೆ ಸಿಕ್ಕಿರಲಿಲ್ಲ. ಇವರು ಮೂರೇ ವಾರದಲ್ಲಿ ದಾರಿ ತೋರಿಸಿದರು. ಅದು 2011ರಲ್ಲಿ ಪ್ರಕಟವಾಯಿತು. ಈ ಆಟ ಹುಟ್ಟಿದ ಪ್ರಯೋಗಾಲಯದ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ, ಪ್ರೋಟೀನ್ ವಿನ್ಯಾಸದ ಕೆಲಸಕ್ಕಾಗಿ, ನೊಬೆಲ್ ಪ್ರಶಸ್ತಿ ಬಂತು.

2017ರಲ್ಲಿ ಇದೇ ಆಟದೊಳಗೆ ಅಫ್ಲಾಟಾಕ್ಸಿನ್ ಒಗಟು ಇಟ್ಟರು. ಆ ವಿಷವನ್ನು ಒಡೆದುಹಾಕುವ ಕಿಣ್ವ, ಅಂದರೆ ಒಂದು ಪ್ರೋಟೀನ್, ರೂಪಿಸಿ ಎಂಬ ಒಗಟು. ಚಾಕೊಲೇಟ್ ಮಾಡುವ ಮಾರ್ಸ್ ಕಂಪನಿ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯ ಮುಂತಾದವರು ಕೈ ಜೋಡಿಸಿದರು. ಆಟಗಾರರ ಒಳ್ಳೆಯ ವಿನ್ಯಾಸಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸುವುದು, ಯಾರೂ ಪೇಟೆಂಟ್ ಮಾಡಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಡುವುದು ಎಂದು ಮೊದಲೇ ಮಾತಾಯಿತು. ನಮಗೆ ಹಿಡಿಸಿದ್ದು ಈ ಕೊನೆಯ ಮಾತೇ. ಬಡವರ ಜೋಳಕ್ಕೆ ಬರುವ ಔಷಧಿಗೆ ಬೀಗ ಹಾಕಬಾರದು.

ಆದರೆ ತೆರೆಯ ಮೇಲೆ ಅಂಕ ಬಂದ ಮಾತ್ರಕ್ಕೆ ಕಿಣ್ವ ಕೆಲಸ ಮಾಡುತ್ತದೆ ಅಂತಲ್ಲ. ಪ್ರಯೋಗಾಲಯ ದಾಟಿ ನಮ್ಮ ಕಣದವರೆಗೆ ಬರುವ ದಾರಿ ದೂರ. ಅಲ್ಲಿವರೆಗೆ ಬಿಸಿಲೇ ನಮ್ಮ ಕೈಲಿರೋ ಉಪಾಯ.

ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ಬುಡ ಮೇಲು ಮಾಡಿ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ಆಮೇಲೇ ಚೀಲಕ್ಕೆ. ಗುದ್ದಲಿ ತಾಗಿದ್ದು, ಗೆದ್ದಲು ಹಿಡಿದದ್ದು ಬೇರೆ ತೆಗೆಯಿರಿ. ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ: ಬೀಜ ಒಡೆಯದಿರಲಿ ಅಂತ ಸುಲಿಯುವ ಮೊದಲು ಕಾಯಿಗೆ ನೀರು ಚಿಮುಕಿಸ್ತಾರಲ್ಲ, ಬೂಷ್ಟಿಗೆ ಅದಕ್ಕಿಂತ ಒಳ್ಳೆ ಆಮಂತ್ರಣ ಬೇರೆ ಬೇಕಿಲ್ಲ.

ಆರಿಸಿ ಬಿಸಾಡಿದ ಕಾಳನ್ನು ‘ಹಾಳಾಗೋದ್ಯಾಕೆ’ ಅಂತ ಹಸುವಿಗೂ ಹಾಕಬೇಡಿ. ಬೂಷ್ಟು ಹಿಡಿದ ಹಿಂಡಿಯೂ ಬೇಡ. ವಿಷ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗಲ್ಲ, ಮಗುವಿನ ಲೋಟಕ್ಕೇ ಬರುತ್ತದೆ. ಅಂಥ ಕಾಳನ್ನು ಹೊಲದ ಮೂಲೆಯಲ್ಲಿ ಗುಂಡಿ ತೆಗೆದು ಹೂತುಬಿಡಿ. ಕಣಕ್ಕೆ ಟಾರ್ಪಾಲು ಇಲ್ಲದ ಸಂಘಗಳು ಕಟಾವಿಗೆ ಮುಂಚೆಯೇ ಕಾರ್ಯಕರ್ತೆಯರ ಹತ್ತಿರ ಹೆಸರು ಬರೆಸಿ, ಒಟ್ಟಿಗೆ ಕೊಂಡರೆ ಅಗ್ಗಕ್ಕೆ ಸಿಗುತ್ತದೆ.