ಮನವಿಗೊಂದು ಆಧಾರ: ಅಂತರಜಾಲದಲ್ಲಿ ಕಾನೂನಿನ ಮೂಲವನ್ನು ಹುಡುಕುವ ಬಗೆ



ಕನ್ನಡ ಮಾಧ್ಯಮದ ವಿಭಾಗಕ್ಕೆ ಕನ್ನಡ ತಿಳಿಯದ ಗಣಿತಾಧ್ಯಾಪಕರು ನೇಮಕಗೊಂಡು ಬಂದರೆ ಆ ವರ್ಷ ಎಂಟನೆಯ ತರಗತಿಯ ಮಕ್ಕಳ ಪಾಡು ಏನಾಗುತ್ತದೆ ಎಂಬುದನ್ನು ಕಾಸರಗೋಡು, ಮಂಜೇಶ್ವರ ಸೀಮೆಯ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ರಕ್ಷಕ-ಶಿಕ್ಷಕ ಸಂಘದ ಸಭೆ ಸೇರುತ್ತದೆ. ಮನವಿ ಬರೆಯುವ ಹೊಣೆ ಎಂದಿನಂತೆ ಕನ್ನಡ ಅಧ್ಯಾಪಕರ ಹೆಗಲೇರುತ್ತದೆ. ಮನವಿಯ ತುಂಬ ನೋವು ತುಂಬಿರುತ್ತದೆ. ಆಧಾರ ಮಾತ್ರ ‘ಸಂವಿಧಾನವು ನಮಗೆ ಹಕ್ಕು ಕೊಟ್ಟಿದೆ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಯಾವ ವಿಧಿ, ಯಾವ ಕಾಯ್ದೆ, ಯಾವ ದಿನಾಂಕದ ಆದೇಶ ಎಂದು ಕಚೇರಿಯಲ್ಲಿ ಕೇಳಿದಾಗ ಉತ್ತರವಿರುವುದಿಲ್ಲ. ಕಡತ ಅಲ್ಲಿಯೇ ಉಳಿಯುತ್ತದೆ, ಶಾಲಾವರ್ಷ ಮುಂದೆ ಸಾಗುತ್ತದೆ.

ಆ ಆಧಾರಗಳಲ್ಲಿ ಬಹುಪಾಲು ಇಂದು ಅಂತರಜಾಲದಲ್ಲಿ ವೆಚ್ಚವಿಲ್ಲದೆ ದೊರೆಯುತ್ತವೆ. ಅವುಗಳ ಪಕ್ಕದಲ್ಲಿಯೇ ಹುಸಿ ಆಧಾರಗಳೂ ಇರುವುದು ತೊಡಕು. ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬಹುದು. ‘ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿಯೇ ಆಗಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿದೆ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂದಿತೆನ್ನೋಣ. ಕೇಳಲು ಹಿತವಾದ ಮಾತು. ಮನವಿಯಲ್ಲಿ ಸೇರಿಸಲು ಕೈ ತವಕಿಸುತ್ತದೆ. ಮೂಲವನ್ನು ತೆರೆದವರಿಗೆ ಕಾಣುವುದು ಇದಕ್ಕೆ ತದ್ವಿರುದ್ಧ. ಅದು ಕರ್ನಾಟಕ ಸರಕಾರ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳ ಸಂಘದ ನಡುವಣ ವ್ಯಾಜ್ಯ. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತೀರ್ಪಿತ್ತು, ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಹೇಳಿತು. ಈ ತೀರ್ಪನ್ನು ಕಡ್ಡಾಯದ ಪರವಾಗಿ ಉಲ್ಲೇಖಿಸಿದ ಮನವಿಯನ್ನು ಬಲ್ಲ ಅಧಿಕಾರಿಯೊಬ್ಬರು ಒಂದೇ ನಿಮಿಷದಲ್ಲಿ ಬದಿಗಿಡಬಲ್ಲರು.

ಆದರೆ ಅದೇ ತೀರ್ಪನ್ನು ಕೊನೆಯವರೆಗೆ ಓದಿದವರಿಗೆ ಇನ್ನೊಂದು ಮಾತು ಸಿಗುತ್ತದೆ. ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ರಾಜ್ಯವೊಂದರ ಭಾಷಾ ಅಲ್ಪಸಂಖ್ಯಾತರ ಭಾಷೆ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಣಯಿಸುವವರು ತಂದೆತಾಯಿಗಳು ಅಥವಾ ಪೋಷಕರು ಎಂದು ಪೀಠವು ಅಲ್ಲಿ ಸ್ಪಷ್ಟಪಡಿಸಿದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಆಡುವ ಮಕ್ಕಳು ಕನ್ನಡ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ಈ ಪ್ರದೇಶಕ್ಕೆ ಇದಕ್ಕಿಂತ ಉಪಯುಕ್ತವಾದ ವಾಕ್ಯ ಬೇರೆಯಿರಲಾರದು. ‘ಈ ಮಕ್ಕಳ ಮನೆಮಾತು ಕನ್ನಡವಲ್ಲವಲ್ಲ’ ಎಂಬ ಆಕ್ಷೇಪಕ್ಕೆ ಅದರಲ್ಲಿ ಉತ್ತರವಿದೆ. ಸಂದೇಶವನ್ನು ನಂಬಿದವರು ಇಲ್ಲದ ಬಲವನ್ನು ನೆಚ್ಚಿ, ಇದ್ದ ಬಲವನ್ನು ಕೈಬಿಟ್ಟರು.

ಮೂಲವೆಂದರೆ ಎಲ್ಲಿ? ಕೇಂದ್ರದ ಮತ್ತು ರಾಜ್ಯಗಳ ಕಾಯ್ದೆಗಳಿಗೆ ಸರಕಾರವೇ ನಡೆಸುವ ‘ಇಂಡಿಯಾ ಕೋಡ್’ ಎಂಬ ಜಾಲತಾಣವಿದೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಆ ಕೊನೆಗಳು ಸರಕಾರಿ ತಾಣಗಳಿಗೆ ಮೀಸಲು. ಅಲ್ಲಿ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯನ್ನು ಅದರ ಇಂಗ್ಲಿಷ್ ಹೆಸರಿನಿಂದ ಹುಡುಕಿ 3ನೆಯ ಕಲಂ ಓದಬೇಕು. ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖಾ ಮುಖ್ಯಸ್ಥರಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸ್ಥಳೀಯ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಆ ಕಲಂ ಹೇಳುತ್ತದೆ. ಕನ್ನಡದಲ್ಲಿ ಅರ್ಜಿ ಬರೆದು, ಬೇರೆ ಭಾಷೆಯ ಉತ್ತರವನ್ನು ಯಾರಿಂದಲೋ ಓದಿಸಿಕೊಳ್ಳುವವರು ಇದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಂ ಕೂಡ ಅಲ್ಲಿಯೇ ಇದೆ. ಕಲಿಕೆಯ ಮಾಧ್ಯಮವು ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಮಗುವಿನ ಮಾತೃಭಾಷೆಯಾಗಿರಬೇಕು ಎಂಬುದು ಅದರ ಮಾತು. ಆ ‘ಸಾಧ್ಯವಾದಷ್ಟು’ ಎಂಬ ಪದವನ್ನು ನುಂಗಿ ಉಳಿದದ್ದನ್ನು ಉದ್ಧರಿಸುವವರಿದ್ದಾರೆ. ಎದುರಿನವರು ಮೊದಲು ಬೆರಳಿಡುವುದು ಅಲ್ಲಿಗೇ.

ಸಂವಿಧಾನದ 350ಎ ವಿಧಿಯನ್ನು ಬಲ್ಲವರು ಅನೇಕರು. ಅದರ ಹಿಂದುಮುಂದಿನ ವಿಧಿಗಳನ್ನೂ ಓದುವುದು ಒಳ್ಳೆಯದು. ಕುಂದುಕೊರತೆಯ ನಿವೇದನೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಡುತ್ತದೆ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಏರ್ಪಡಿಸಿದೆ. ಆ ಅಧಿಕಾರಿಯ ವರದಿಗಳು ಸಂಸತ್ತಿನ ಮುಂದೆ ಮಂಡನೆಯಾಗುವಂಥವು, ಅಂತರಜಾಲದಲ್ಲಿಯೂ ದೊರೆಯುತ್ತವೆ.

ತೀರ್ಪುಗಳ ವಿಚಾರ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳನ್ನು 2023ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಡಲಾಗಿದೆ. ಹೈಕೋರ್ಟುಗಳ ತೀರ್ಪುಗಳಿಗೆ ಇ-ಕೋರ್ಟ್ಸ್ ಯೋಜನೆಯ ತೀರ್ಪು ಶೋಧ ತಾಣವಿದೆ. ಹುಡುಕಲು ಸುಲಭವಾದದ್ದು ‘ಇಂಡಿಯನ್ ಕಾನೂನ್’. ಇದು ಖಾಸಗಿ ತಾಣ, ಆದರೂ ಬಹಳ ಉಪಕಾರಿ. ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿ ಅಲ್ಲಿರುತ್ತದೆ. ಹಳೆಯ ತೀರ್ಪು ಇಂದಿಗೂ ನಿಂತಿದೆಯೇ, ದೊಡ್ಡ ಪೀಠವೊಂದು ಅದನ್ನು ತಳ್ಳಿಹಾಕಿದೆಯೇ ಎಂದು ತಿಳಿಯಲು ಆ ಪಟ್ಟಿಯೇ ಹಾದಿ. ಖಾಸಗಿ ತಾಣದಲ್ಲಿ ಹುಡುಕಿ, ಅಧಿಕೃತ ತಾಣದಿಂದ ಪ್ರತಿ ತೆಗೆಯುವುದು ಕ್ಷೇಮ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಓದಿ ಅರ್ಥಮಾಡಿಕೊಳ್ಳಲು ಅದು ಸಾಕು, ಉಲ್ಲೇಖಕ್ಕೆ ಸಾಲದು. ಇಂಗ್ಲಿಷ್ ಪಾಠವೇ ಅಧಿಕೃತವೆಂದು ಆ ಅನುವಾದಗಳಲ್ಲಿಯೇ ಮುದ್ರಿತವಾಗಿರುತ್ತದೆ.

ಹುಡುಕುವವರು ತಮಗೆ ಒಪ್ಪುವ ತೀರ್ಪಿನಲ್ಲಿಯೇ ನಿಲ್ಲಬಾರದು. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಧರಿಸಬೇಕೆಂದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಗ್ರಾಮದಲ್ಲಿ ಕನ್ನಡಿಗರೇ ಹೆಚ್ಚಿದ್ದರೂ ಕೇರಳದಲ್ಲಿ ಅವರು ಅಲ್ಪಸಂಖ್ಯಾತರೇ. ಇದು ಅನುಕೂಲದ ತೀರ್ಪು. 2004ರ ಉಷಾ ಮೆಹ್ತಾ ಪ್ರಕರಣವೋ, ಮಹಾರಾಷ್ಟ್ರದ ಅಲ್ಪಸಂಖ್ಯಾತ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದ್ದನ್ನು ಎತ್ತಿಹಿಡಿಯಿತು. ಸೊಲ್ಲಾಪುರ, ಜತ್ತಿನ ಅಧ್ಯಾಪಕರಿಗೆ ಅದು ಪರಿಚಿತ. ರಾಜ್ಯಭಾಷೆಯೇ ಬೇಡವೆಂದು ವಾದಿಸುವ ಮನವಿಗೆ ಈ ತೀರ್ಪು ಅಡ್ಡ ಬರುತ್ತದೆ. ಕನ್ನಡ ಬಲ್ಲ ಗಣಿತಾಧ್ಯಾಪಕರು ಬೇಕೆಂಬ ಮನವಿಗೂ ಅದಕ್ಕೂ ಜಗಳವೇ ಇಲ್ಲ. ಪ್ರತಿಕೂಲವಾದುದನ್ನು ಓದಿದ ಮೇಲೆಯೇ ಏನನ್ನು ಕೇಳಬೇಕೆಂಬುದು ತಿಳಿಯಾಗುತ್ತದೆ.

ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಕೇಳುವ ರೂಢಿ ಬಂದಿದೆ. ಅವು ಕೊಡುವ ಉತ್ತರ ಅಚ್ಚುಕಟ್ಟಾಗಿರುತ್ತದೆ, ಪ್ರಕರಣದ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಇರುತ್ತವೆ. ಅಂಥ ಪ್ರಕರಣವೇ ಇಲ್ಲದಿರಬಹುದು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಹೀಗೆ ಯಂತ್ರ ಹೆಣೆದ ಪ್ರಕರಣಗಳನ್ನು ಸಲ್ಲಿಸಿ 5000 ಡಾಲರ್ ದಂಡಕ್ಕೆ ಗುರಿಯಾದರು. ಯಂತ್ರ ಹೇಳಿದ ಹೆಸರನ್ನು ಅಧಿಕೃತ ತಾಣದಲ್ಲಿ ಹುಡುಕಿ, ತೀರ್ಪು ಕಣ್ಣಿಗೆ ಬಿದ್ದರೆ ಮಾತ್ರ ಬರೆದುಕೊಳ್ಳಬೇಕು.

ಸರಕಾರಿ ಆದೇಶಗಳನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟ. ಆದೇಶದ ಸಂಖ್ಯೆ, ದಿನಾಂಕ, ಹೊರಡಿಸಿದ ಇಲಾಖೆ ಈ ಮೂರೂ ಇಲ್ಲದ ಪ್ರತಿಗೆ ಬೆಲೆಯಿಲ್ಲ. ಅರ್ಧ ಪುಟದ ಛಾಯಾಚಿತ್ರಕ್ಕಂತೂ ಇಲ್ಲವೇ ಇಲ್ಲ. ಅಂತರಜಾಲದಲ್ಲಿ ಸಿಗದ ಆದೇಶವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ 6ನೆಯ ಕಲಮಿನಂತೆ ಅರ್ಜಿ ಹಾಕಿ ದೃಢೀಕೃತ ಪ್ರತಿಯಾಗಿ ಕೇಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿಯಿದೆ. ಆದುದರಿಂದ ಶಾಲೆ ತೆರೆಯುವ ಜೂನ್ ತಿಂಗಳವರೆಗೆ ಕಾಯದೆ, ನೇಮಕಾತಿಯ ಸುದ್ದಿ ಕೇಳಿದ ಬೇಸಗೆ ರಜೆಯಲ್ಲಿಯೇ ಆ ಅರ್ಜಿಯನ್ನು ಕಳುಹಿಸಿರಬೇಕು.