ಓಡುವುದು ಎಲ್ಲಿ?



ಎಂಟನೇ ತರಗತಿಯಲ್ಲಿದ್ದಾಗ ನಾನು ಗಣಿತದ ನೋಟ್‌ಬುಕ್ಕಿನ ಮೂಲೆಯಲ್ಲಿ, ಹಾಳೆಗೊಂದರಂತೆ, ಹುಡುಗನೊಬ್ಬನ ಚಿತ್ರ ಬರೆದಿದ್ದೆ. ಹಾಳೆಗಳನ್ನು ಸರ್ರನೆ ಬಿಟ್ಟರೆ ಅವನು ಓಡುತ್ತಿದ್ದ. ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. ಅವರು ಹೊಡೆಯಲಿಲ್ಲ. ಎರಡು ಸಲ ಮಗುಚಿ ನೋಡಿ, "ಯಾವ ಹಾಳೆಯಲ್ಲೂ ಓಟ ಇಲ್ಲವಲ್ಲೋ, ಮತ್ತೆ ಇವನು ಓಡೋದು ಎಲ್ಲಿ?" ಎಂದರು. ಆಗ ಉತ್ತರ ಗೊತ್ತಿರಲಿಲ್ಲ. ಬಿ.ಇ. ಮುಗಿಸಿ, ಈಗ ವಿಡಿಯೊಗೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಅಂದಿನ ಉತ್ತರವನ್ನು ಇಂದು ಒಪ್ಪಿಸುತ್ತೇನೆ.

ಓಡುವುದು ನಮ್ಮ ಮಿದುಳಿನಲ್ಲಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಬರುತ್ತವೆ, ಅಷ್ಟೇ. ಅವುಗಳನ್ನು ಹೊಂದಿಸಿ ಚಲನೆ ಮಾಡಿಕೊಳ್ಳುವುದು ಮಿದುಳು. ಅದಕ್ಕೆಂದೇ ಮಿದುಳಿನ ಹಿಂಭಾಗದಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಸಣ್ಣ ಜಾಗವಿದೆ.

ಆ ಜಾಗ ಕೆಟ್ಟರೆ ಏನಾಗುತ್ತದೆ? 1983ರಲ್ಲಿ ಜರ್ಮನಿಯ ವೈದ್ಯವಿಜ್ಞಾನಿಗಳು ಅಂಥ ಒಬ್ಬ ಮಹಿಳೆಯ ವಿವರ ಪ್ರಕಟಿಸಿದರು. ಆಕೆಗೆ ಬಣ್ಣ, ಆಕಾರ ಎಲ್ಲವೂ ಕಾಣುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಲೋಟಕ್ಕೆ ಚಹಾ ಬಗ್ಗಿಸಿದರೆ ಅದು ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ಯಾವಾಗ ನಿಲ್ಲಿಸಬೇಕೋ ತಿಳಿಯುತ್ತಿರಲಿಲ್ಲ. ರಸ್ತೆ ದಾಟಲು ನಿಂತರೆ, ದೂರದಲ್ಲಿದ್ದ ಕಾರು ಮರುಗಳಿಗೆ ಪಕ್ಕದಲ್ಲೇ ಇರುತ್ತಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಮುಂದಿನ ರಸ್ತೆ. ಒಂಬತ್ತನೇ ತರಗತಿಯಲ್ಲಿ, ಲಾರಿ ಇನ್ನೂ ದೂರವಿದೆ ಎಂದು ನಾನು ದಾಟಲು ಹೊರಟೆ. ಹಿಂದಿನಿಂದ ಗೆಳೆಯ ಚೀಲ ಹಿಡಿದು ಎಳೆಯದಿದ್ದರೆ ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ. ಅವನು ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಆ ದಿನ ಎಲ್ಲರೂ ನನ್ನನ್ನು ಬೈದರು: "ಕಣ್ಣು ಎಲ್ಲಿಟ್ಟಿದ್ದೆ?"

ಕಣ್ಣು ಲಾರಿಯ ಮೇಲೇ ಇತ್ತು. ಎದುರಿನಿಂದ ನೇರವಾಗಿ ಬರುವ ವಾಹನ ಅತ್ತಿತ್ತ ಸರಿಯುವುದಿಲ್ಲ. ಅದರ ಬಿಂಬ ದೊಡ್ಡದಾಗುತ್ತದೆ, ಅಷ್ಟೇ. ದೂರ ಅರ್ಧವಾದರೆ ಬಿಂಬ ಎರಡರಷ್ಟು. ಗಂಟೆಗೆ 72 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 20 ಮೀಟರ್. 200 ಮೀಟರ್ ದೂರದ ಲಾರಿ 100ಕ್ಕೆ ಬರಲು 5 ಸೆಕೆಂಡು, ಅಲ್ಲಿಂದ 50ಕ್ಕೆ ಎರಡೂವರೆ, 50ರಿಂದ ನಮ್ಮ ಮೈಮೇಲೆ ಬರಲು ಮತ್ತೆ ಎರಡೂವರೆ. ಮೊದಲು ನಿಂತಂತೆ ಕಾಣುವ ಲಾರಿ ಕೊನೆಗೆ ಒಮ್ಮೆಲೇ ಬೆಳೆಯುತ್ತದೆ. ಅಷ್ಟರಲ್ಲಿ ಮಗು ರಸ್ತೆಯ ನಡುವೆ ಇರುತ್ತದೆ.

ಇದನ್ನು ಅಳೆಯುವ ಶಕ್ತಿ ವಯಸ್ಸಿನೊಂದಿಗೆ ಬೆಳೆಯುತ್ತದೆ. ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವಾಹನದ ವೇಗವನ್ನು ಪ್ರಾಥಮಿಕ ಶಾಲೆಯ ಮಕ್ಕಳು ಸರಿಯಾಗಿ ಅಂದಾಜು ಮಾಡಲಾರರು ಎಂದು 2011ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಸಂಶೋಧಕರು ತೋರಿಸಿದ್ದಾರೆ.

ಆದ್ದರಿಂದ ಬಂಧುಗಳೇ, ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಈಗ ರಸ್ತೆ ಅಗಲವಾಗಿದೆ, ಗಾಡಿಗಳ ವೇಗವೂ ಹೆಚ್ಚಿದೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಗೇಟಿನ ಎರಡೂ ಬದಿ ರಸ್ತೆ ಉಬ್ಬು ಹಾಕಿಸಲು ಎಲ್ಲರೂ ಸೇರಿ ಅರ್ಜಿ ಕೊಡೋಣ. ಅಲ್ಲಿಯವರೆಗೆ ಬೆಳಿಗ್ಗೆ, ಸಂಜೆ ಒಬ್ಬ ಹಿರಿಯರು ಸರದಿಯಂತೆ ಗೇಟಿನ ಬಳಿ ನಿಲ್ಲಲಿ. ಊರಿಗೆ ಬಂದಾಗಲೆಲ್ಲ ನಾನೂ ನಿಲ್ಲುತ್ತೇನೆ.

ಮಕ್ಕಳೇ, ಗಾಡಿ ದೂರವಿದೆ ಎಂದು ಕಣ್ಣು ಹೇಳಿದರೂ ನಂಬಬೇಡಿ. ಅದು ಹೋಗಲಿ, ಆಮೇಲೆ ದಾಟಿ.

ನನಗೆ ಪ್ರಶ್ನೆ ಕೊಟ್ಟ ಮೇಷ್ಟ್ರಿಗೂ, ಚೀಲ ಎಳೆದ ಗೆಳೆಯನಿಗೂ ವಂದಿಸಿ ಮಾತು ಮುಗಿಸುತ್ತೇನೆ.